ಎಂಜಿನ್ ಪ್ರಶ್ನೋತ್ತರ: ಅಟ್ಟದ ಮೇಲಿನ ಯೆಜ್ಡಿ ಭಾಗಗಳಿಗೆ ಜಂಗು ಹಿಡಿಯದಿರಲು

ಪ್ರಶ್ನೆ: ನಮ್ಮ ತಂದೆಯವರ ಯೆಜ್ಡಿ ಬೈಕು ಈಗಲೂ ಮನೆಯಲ್ಲಿದೆ, ಓಡುತ್ತದೆ. ಅದಕ್ಕೆಂದು ಅವರು ಕೂಡಿಟ್ಟ ಬಿಡಿಭಾಗಗಳು ಅಡುಗೆಮನೆಯ ಅಟ್ಟದ ಮೇಲೆ ಗೋಣಿಚೀಲದಲ್ಲಿದ್ದವು. ಒಂದು ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಭಾಗ), ಬೀಡು ಕಬ್ಬಿಣದ ಸಿಲಿಂಡರ್, ಎರಡು ಪಿಸ್ಟನ್, ರಿಂಗುಗಳು, ಬೇರಿಂಗುಗಳು, ಆಯಿಲ್ ಸೀಲುಗಳು. ಮೊನ್ನೆ ಜಿಟಿಜಿಟಿ ಮಳೆ ಹಿಡಿದಿದ್ದಾಗ ತೆಗೆದು ನೋಡಿದರೆ ಸಿಲಿಂಡರಿನ ಒಳಗೆ ಕೆಂಪು ಬಣ್ಣ ಕಂಡಿತು. ಬೈಕಿನಿಂದ ಇಳಿಸಿದ ಹಳೆಯ ಆಯಿಲನ್ನೇ ಎಲ್ಲಕ್ಕೂ ಸವರಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಮತ್ತೆ ಅಲ್ಲಿಯೇ ಇಟ್ಟಿದ್ದೇನೆ. ಇಷ್ಟು ಸಾಕೇ?
– ಓದುಗರೊಬ್ಬರು, ಹಾನಗಲ್

ಉತ್ತರ: ಮೊದಲು ಆ ಚೀಲವನ್ನು ಬಿಚ್ಚಿರಿ. ಈ ಸಂಚಿಕೆ ಕೈಗೆ ಸಿಕ್ಕ ದಿನವೇ ಬಿಚ್ಚಿದರೆ ಇನ್ನೂ ಒಳ್ಳೆಯದು.

ನೀವು ಕಟ್ಟಿದ್ದು ಮಳೆಯ ದಿನ. ಹಾನಗಲ್ ಅಂದರೆ ಮಲೆನಾಡಿನ ಸೆರಗು. ಅಂಥ ದಿನದಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ. ಆ ಒದ್ದೆ ಗಾಳಿಯನ್ನು ಭಾಗಗಳ ಜೊತೆಗೆ ಚೀಲದೊಳಗೆ ಕೂಡಿಹಾಕಿದ್ದೀರಿ. ರಾತ್ರಿ ತಂಪೇರಿದಾಗ ಅದೇ ತೇವ ಲೋಹದ ಮೇಲೆ ಹನಿಗಟ್ಟುತ್ತದೆ, ಬೆಳಿಗ್ಗೆ ಹೊರಹೋಗಲು ದಾರಿಯಿಲ್ಲ. ಗಾಳಿಯ ತೇವಾಂಶ ನೂರಕ್ಕೆ ಸುಮಾರು 60ನ್ನು ದಾಟಿತೆಂದರೆ ಕಬ್ಬಿಣಕ್ಕೆ ತುಕ್ಕು ಬೇಗ ಬೇಗ ಏರುತ್ತದೆ, ಅದಕ್ಕೆ ಮಳೆಯ ನೀರೇ ತಾಗಬೇಕೆಂದಿಲ್ಲ. ಇನ್ನು ಹಳೆಯ ಆಯಿಲ್. ಯೆಜ್ಡಿಯಿಂದ ಇಳಿಯುವುದು ಗೇರ್‌ಬಾಕ್ಸಿನ ಆಯಿಲ್. ಸವೆದ ಲೋಹದ ಪುಡಿ, ಕ್ಲಚ್ಚಿನ ಧೂಳು, ನೀರಿನ ಅಂಶ ಎಲ್ಲವೂ ಅದರಲ್ಲಿ ಸೇರಿರುತ್ತವೆ. ಗೇಟಿನ ತಿರುಗಣಿಗೆ ಹಾಕಿ, ಅಡ್ಡಿಯಿಲ್ಲ. ವರ್ಷಗಟ್ಟಲೆ ಕಾಯ್ದಿಡಬೇಕಾದ ಕ್ರ್ಯಾಂಕಿಗೆ ಖಂಡಿತ ಬೇಡ.

ಗದರಿಸುತ್ತಿದ್ದೇನೆ ಎಂದುಕೊಳ್ಳಬೇಡಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಗ್ಯಾರೇಜೊಂದರಲ್ಲಿ ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಗಿರಾಕಿಯೊಬ್ಬರ ಹೊಸ ಕ್ರ್ಯಾಂಕನ್ನು ಎತ್ತಿಡುವ ಕೆಲಸ ನನ್ನ ಪಾಲಿಗೆ ಬಂತು. ಶ್ರಾವಣ ಮಾಸ. ಚಹಾ ಕುಡಿದು ಬಂದವನೇ ಬರಿಗೈಯಲ್ಲಿ ಅದನ್ನು ಎತ್ತಿ, ಪತ್ರಿಕೆಯ ಹಾಳೆ ಸುತ್ತಿ ಕಪಾಟಿನಲ್ಲಿಟ್ಟೆ. ದೀಪಾವಳಿಯ ಹೊತ್ತಿಗೆ ಬಿಚ್ಚಿದಾಗ ಕನ್ನಡಿಯಂತಿದ್ದ ಶಾಫ್ಟಿನ ಮೇಲೆ ಒಂದು ಹೆಬ್ಬೆರಳ ಗುರುತು ಕಂದುಬಣ್ಣದಲ್ಲಿ ಎದ್ದು ನಿಂತಿತ್ತು. ಸೊಸೈಟಿಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಂತೆ ಒಂದೊಂದು ಗೆರೆಯೂ ಸ್ಪಷ್ಟ. ಉಸ್ತಾದರು ಏನೂ ಅನ್ನಲಿಲ್ಲ. ನನ್ನ ಕೈ ಹಿಡಿದು, ಹೆಬ್ಬೆರಳನ್ನು ಆ ಗುರುತಿನ ಪಕ್ಕಕ್ಕಿಟ್ಟು ತೋರಿಸಿದರು. ಬೆವರಿನಲ್ಲಿ ಉಪ್ಪಿದೆ, ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಳಿದ ಕಡೆ ಏನೂ ಆಗಿರಲಿಲ್ಲ, ನಾನು ಮುಟ್ಟಿದ ಕಡೆ ಮಾತ್ರ ಜಂಗು. ಅಂದಿನಿಂದ ಒಣಗೈಯಲ್ಲಿ ಉಕ್ಕನ್ನು ಮುಟ್ಟಿಲ್ಲ. ಕೈತೊಳೆದು, ಬೆರಳಿಗೆ ಹೊಸ ಎಣ್ಣೆ ಹಚ್ಚಿಕೊಂಡೇ ಮುಟ್ಟುತ್ತೇನೆ. ರಬ್ಬರ್ ಕೈಗವಸು ಇದ್ದರೆ ಮತ್ತೂ ಒಳ್ಳೆಯದು.

ಮಳೆ ಬಿಟ್ಟು ಒಳ್ಳೆಯ ಬಿಸಿಲು ಬಿದ್ದ ದಿನ ನೋಡಿ ಕೆಲಸಕ್ಕೆ ಕುಳಿತುಕೊಳ್ಳಿ. ಕಬ್ಬಿಣದ ಭಾಗಗಳನ್ನು ಡೀಸೆಲ್‌ನಲ್ಲಿ ಬ್ರಶ್ಶಿನಿಂದ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ ಬಿಸಿಲಿಗಿಡಿ. ಲೋಹ ಬೆಚ್ಚಗಿರುವಾಗಲೇ ಎಣ್ಣೆ ಹಚ್ಚಬೇಕು, ತಣ್ಣಗಾದ ಮೇಲೆ ಮತ್ತೆ ತೇವ ಕೂಡುತ್ತದೆ. ಕೆಲವು ತಿಂಗಳ ಮಾತಾದರೆ ಹೊಸ ಎಂಜಿನ್ ಆಯಿಲ್ ಸಾಕು. ವರ್ಷಗಟ್ಟಲೆ ಇಡುವುದಾದರೆ ತುಕ್ಕು ತಡೆಗೆಂದೇ ಮಾರುವ ಎಣ್ಣೆ ಅಥವಾ ಗ್ರೀಸ್ ಬೇಕು. ಸ್ಪ್ರೇ ಡಬ್ಬಿಗಳನ್ನು ನಂಬಿ ಕೂರಬೇಡಿ. ಅವು ನೀರನ್ನು ಓಡಿಸುತ್ತವೆ, ಆದರೆ ಉಳಿಯುವ ಪದರ ಬಹಳ ತೆಳು. ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚುವವರೂ ಇದ್ದಾರೆ. ಅವು ಅಂಟಾಗಿ ಗಟ್ಟಿಯಾಗುತ್ತವೆ, ಇಲಿಯನ್ನೂ ಕರೆಯುತ್ತವೆ.

ಸಿಲಿಂಡರಿನ ಕೆಂಪು ಬಣ್ಣವನ್ನು ಡೀಸೆಲ್ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಹೋಗಿ, ಉಗುರು ಆಡಿಸಿದರೆ ಎಲ್ಲಿಯೂ ತಡೆಯದಿದ್ದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಂಡರೆ ಗುಂಡಿ ಬಿದ್ದಿದೆ ಎಂದರ್ಥ, ಬೋರ್ ಮಾಡುವವರಿಗೆ ತೋರಿಸಬೇಕು. ಉಪ್ಪುಕಾಗದ ಮಾತ್ರ ಹಾಕಬೇಡಿ. ಪಿಸ್ಟನ್ ಅಲ್ಯುಮಿನಿಯಮ್ಮಿನದು, ಕೆಂಪಗಾಗುವುದಿಲ್ಲ, ಬಿಳಿ ಪುಡಿ ಏಳುತ್ತದೆ. ನಮ್ಮ ಕಡೆ ತೇವ ಹೀರಲೆಂದು ಡಬ್ಬಿಯಲ್ಲಿ ಸುಣ್ಣದ ಹರಳು ಇಡುವುದುಂಟು. ಆ ಸುಣ್ಣದ ಧೂಳು ಅಲ್ಯುಮಿನಿಯಮ್ಮನ್ನು ತಿನ್ನುತ್ತದೆ.

ಕ್ರ್ಯಾಂಕಿನ ಬಗ್ಗೆ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮನೆಯಲ್ಲಿರುವ ಭಾಗಗಳಲ್ಲಿ ಮತ್ತೆ ಸಿಗುವುದು ಕಷ್ಟವಾದದ್ದು ಅದೇ. ಯೆಜ್ಡಿ ಎರಡು ಸ್ಟ್ರೋಕಿನ ಗಾಡಿ. ಪೆಟ್ರೋಲಿಗೆ ಬೆರೆಸಿದ ಆಯಿಲೇ ಕ್ರ್ಯಾಂಕಿನ ಬೇರಿಂಗುಗಳಿಗೆ ಹೋಗುತ್ತದೆ. ಗಾಡಿ ಓಡುವಾಗ ಸಿಗುವ ಆ ಎಣ್ಣೆ ಅಟ್ಟದ ಮೇಲೆ ಕುಳಿತ ಕ್ರ್ಯಾಂಕಿಗೆ ಎಲ್ಲಿಂದ ಬರಬೇಕು? ಪಿಸ್ಟನ್ನಿಗೂ ಕ್ರ್ಯಾಂಕಿಗೂ ಕೊಂಡಿಯಾದ ಕನೆಕ್ಟಿಂಗ್ ರಾಡಿನ ದೊಡ್ಡ ತುದಿಯಲ್ಲಿರುವ ರೋಲರುಗಳು ಕ್ರ್ಯಾಂಕಿನದೇ ಎರಡು ಚಕ್ರಗಳ ನಡುವೆ ಹುದುಗಿಕೊಂಡಿವೆ. ಹೊರಗೆಲ್ಲ ಹೊಳೆಯುತ್ತಿದ್ದರೂ ಆ ರೋಲರಿಗೆ ಸಾಸಿವೆಯಷ್ಟು ತುಕ್ಕು ಹತ್ತಿದ್ದರೆ ಸಾಕು, ಎಂಜಿನ್ನಿಗೆ ಜೋಡಿಸಿ ಓಡಿಸತೊಡಗಿದ ಮೇಲೆ ಸದ್ದು ಶುರುವಾಗುತ್ತದೆ, ಮತ್ತೆ ಪೂರ್ತಿ ಬಿಚ್ಚಬೇಕಾಗುತ್ತದೆ. ಮೇಲೆ ಬಟ್ಟೆಯಿಂದ ಎಣ್ಣೆ ಸವರಿದರೆ ಅದು ಅಲ್ಲಿಗೆ ಮುಟ್ಟುವುದಿಲ್ಲ. ಡೀಸೆಲ್‌ನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ, ರಾಡಿನ ದೊಡ್ಡ ತುದಿಯ ಸಂದಿನಲ್ಲಿ ಹೊಸ ಆಯಿಲ್ ಸುರಿಯಿರಿ. ರಾಡನ್ನು ಕೈಯಿಂದ ಸುತ್ತಿಸುತ್ತ, ಇನ್ನೊಂದು ಕಡೆಯಿಂದ ಸ್ವಚ್ಛ ಆಯಿಲ್ ತೊಟ್ಟಿಕ್ಕುವ ತನಕ ಸುರಿಯುತ್ತಿರಿ. ಸುತ್ತುವಾಗ ಮರಳು ಉಜ್ಜಿದಂತೆ ಕೈಗೆ ತಾಗಿದರೆ ಅಲ್ಲಿಗೇ ನಿಲ್ಲಿಸಿ, ಕ್ರ್ಯಾಂಕ್ ಕಟ್ಟುವವರ ಬಳಿಗೆ ಒಯ್ಯಿರಿ. ಇಡುವಾಗ ಭಾರವೆಲ್ಲ ರಾಡಿನ ಮೇಲೆ ಬೀಳಬಾರದು. ದಪ್ಪ ಹಲಗೆಗೆ ತೂತು ಕೊರೆದು ಶಾಫ್ಟಿನ ತುದಿಯನ್ನು ಅದರಲ್ಲಿ ಇಳಿಸಿ ನಿಲ್ಲಿಸಿ.

ಬೇರಿಂಗುಗಳನ್ನು ಕಂಪನಿಯ ಪೊಟ್ಟಣದಿಂದ ತೆಗೆಯಲೇಬೇಡಿ. ಹೊಸದನ್ನು ತೊಳೆಯುವುದು ತಪ್ಪು, ಅದಕ್ಕೆ ಹಚ್ಚಿ ಕಳುಹಿಸಿರುವ ಎಣ್ಣೆಯೇ ರಕ್ಷೆ. ರಿಂಗುಗಳನ್ನು ಮಲಗಿಸಿ ಇಡಿ. ಆಯಿಲ್ ಸೀಲುಗಳನ್ನು ಮೊಳೆಗೆ ತೂಗುಹಾಕಿದರೆ ಬಾಯಿ ಸೊಟ್ಟಗಾಗುತ್ತದೆ; ಬಿಸಿಲು ತಾಗದ ಪ್ರತ್ಯೇಕ ಡಬ್ಬಿಯಲ್ಲಿರಲಿ.

ಸುತ್ತಲು ಗೋಣಿ, ಪತ್ರಿಕೆ, ರಟ್ಟು ಯಾವುದೂ ಬೇಡ. ಮೂರೂ ತೇವವನ್ನು ಹೀರಿ ಲೋಹಕ್ಕೆ ಒತ್ತಿ ಹಿಡಿಯುತ್ತವೆ. ಮೇಣದ ಕಾಗದ ಬಳಸಿ. ಕಾರ್ಖಾನೆಗಳು ಬಳಸುವ ವಿಸಿಐ ಕಾಗದ ಸಿಕ್ಕರೆ ಬಿಡಬೇಡಿ: ಅದಕ್ಕೆ ಲೇಪಿಸಿದ ರಾಸಾಯನಿಕ ನಿಧಾನವಾಗಿ ಆವಿಯಾಗಿ ಲೋಹದ ಮೇಲೆ ಕಾಣದ ಪದರ ಕಟ್ಟುತ್ತದೆ. ಲೇಪದ ಮಗ್ಗುಲು ಒಳಗಿರಬೇಕು, ಡಬ್ಬಿ ಮುಚ್ಚಿರಬೇಕು. ಮುಚ್ಚಳ ಬಿಗಿಯಾಗಿ ಕೂರುವ ಸ್ಟೀಲ್ ಡಬ್ಬಿಯಾದರೆ ಉತ್ತಮ. ಒಳಗೊಂದು ಬಟ್ಟೆಯ ಗಂಟಿನಲ್ಲಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್ ಹರಳು ಇಡಿ, ಎಣ್ಣೆ ತಾಗದಂತೆ. ತೇವ ಕುಡಿದಾಗ ಅದು ಹಸಿರಿಗೆ ತಿರುಗುತ್ತದೆ. ಹಳೆಯ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿದರೆ ಮತ್ತೆ ಕಿತ್ತಳೆಯಾಗುತ್ತದೆ. ಆ ಪಾತ್ರೆಯನ್ನು ಅಡುಗೆಗೆ ಬಳಸಬೇಡಿ. ಡಬ್ಬಿಯನ್ನು ಅಡುಗೆಮನೆಯ ಅಟ್ಟದಿಂದ ಇಳಿಸಿಬಿಡಿ. ಅನ್ನ ಬೇಯುವ ಹಬೆಯೆಲ್ಲ ಏರುವುದು ಅಲ್ಲಿಗೇ. ನಡುಮನೆಯ ಒಳಗೋಡೆಗೆ ತಾಗಿದ ಕಪಾಟು, ನೆಲದಿಂದ ಒಂದು ಮೊಳ ಮೇಲೆ, ಸಾಕು.

ಮೈಸೂರಿನ ಕಾರ್ಖಾನೆಯಲ್ಲಿ ನಿಮ್ಮ ಬಗೆಯ ಯೆಜ್ಡಿಯ ತಯಾರಿ 1996ರಲ್ಲಿ ನಿಂತಿತು. 2022ರಲ್ಲಿ ಅದೇ ಹೆಸರಿನ ಹೊಸ ಬೈಕುಗಳು ಬಂದಿವೆ, ಆದರೆ ಅವು ನಾಲ್ಕು ಸ್ಟ್ರೋಕಿನವು, ಅವುಗಳ ಪಿಸ್ಟನ್, ಕ್ರ್ಯಾಂಕ್ ನಿಮ್ಮ ಗಾಡಿಗೆ ಬರುವುದಿಲ್ಲ. ನಿಮ್ಮ ತಂದೆಯವರು ಇದನ್ನು ತಿಳಿದೇ ಕೂಡಿಟ್ಟಿದ್ದಾರೆ. ಪ್ರತಿ ವರ್ಷ ಖಂಡೆಪೂಜೆಯ ಮುನ್ನಾ ದಿನ ಡಬ್ಬಿ ತೆರೆದು ನೋಡಿ, ಒಣಗಿದ ಕಡೆ ಎಣ್ಣೆ ಹಚ್ಚಿ. ಪೂಜೆ ಡಬ್ಬಿಗೆ ಮಾಡಿ. ಎಳನೀರು, ಕುಂಕುಮ ಭಾಗಗಳ ಮೇಲೆ ಬೀಳದಿರಲಿ.

ಪ್ರಶ್ನೆ: ನಮ್ಮದು ಒಣ ಸೀಮೆ. ಆದರೂ ಹೊಲದ ಪತ್ರಾಸ್ (ತಗಡಿನ) ಶೆಡ್ಡಿನಲ್ಲಿಟ್ಟ ಡೀಸೆಲ್ ಪಂಪ್‌ಸೆಟ್ಟಿನ ಹೆಚ್ಚುವರಿ ನಾಝಲ್, ಪ್ಲಂಜರುಗಳಿಗೆ ಜಂಗು ಹತ್ತಿದೆ. ಪಕ್ಕದಲ್ಲಿ ಗೊಬ್ಬರದ ಚೀಲಗಳ ಹೊರತು ಬೇರೇನೂ ಇಲ್ಲ.
– ಓದುಗರೊಬ್ಬರು, ಗದಗ ತಾಲ್ಲೂಕು

ಉತ್ತರ: ಆ ಚೀಲಗಳೇ ಕಾರಣ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ, ಅಡುಗೆ ಉಪ್ಪಿನ ಬಳಗದ್ದು. ಅದರ ಧೂಳು ಕುಳಿತ ಉಕ್ಕಿಗೆ ಮಳೆ ಬೇಕಿಲ್ಲ. ಚಳಿಗಾಲದಲ್ಲಿ ಪತ್ರಾಸಿನ ಒಳಮೈಗೆ ಹನಿಗಟ್ಟಿ ಬೆಳಗಿನ ಜಾವ ತೊಟ್ಟಿಕ್ಕುವ ಇಬ್ಬನಿಯೇ ಸಾಕು. ಬ್ಯಾಟರಿಯೂ ಅಲ್ಲಿದ್ದರೆ ಅದನ್ನೂ ದೂರವಿಡಿ.

ಡೀಸೆಲನ್ನು ಒತ್ತಿ ತಳ್ಳುವ ಪ್ಲಂಜರು ಮತ್ತು ಅದು ಆಡುವ ಕೊಳವೆಯಾದ ಬ್ಯಾರಲ್ ಹುಟ್ಟಿದ್ದೇ ಜೋಡಿಯಾಗಿ. ಅವುಗಳ ನಡುವಿನ ಸಂದು ಕೆಲವೇ ಮೈಕ್ರಾನು, ಕೂದಲೆಳೆಗಿಂತ ಎಷ್ಟೋ ಸಣ್ಣದು. ಜಂಗು ಹತ್ತಿದ ಜೋಡಿಯನ್ನು ಉಜ್ಜಿ ಸರಿಮಾಡಲು ಹೋಗಬೇಡಿ, ಪಂಪ್ ಟೆಸ್ಟ್ ಮಾಡುವವರಿಗೆ ತೋರಿಸಿ. ಚೆನ್ನಾಗಿರುವ ಜೋಡಿಗಳನ್ನು ಒಂದರದ್ದು ಇನ್ನೊಂದಕ್ಕೆ ಬೆರೆಯದಂತೆ, ಜೋಡಿಗೊಂದು ಚಿಕ್ಕ ಡಬ್ಬಿಯಲ್ಲಿ ಸ್ವಚ್ಛವಾದ ತೆಳು ಆಯಿಲ್‌ನಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು ಊರೊಳಗಿನ ಮನೆಗೆ ತಂದಿಡಿ.