ಗಂಡನಿಗೆ ಅರವತ್ತು ಕಿಲೋ, ನನಗೆ ಮೂವತ್ತು: ವ್ಯಾಯಾಮ ನನ್ನ ಮೈಗೆ ಹತ್ತುತ್ತಿಲ್ಲವೇ?

ಪ್ರಶ್ನೆ: ನನಗೆ 34 ವರ್ಷ, ಪತಿಗೆ 37. ರಾಯಚೂರಿನಲ್ಲಿ ಮನೆಯ ಹತ್ತಿರದ ಜಿಮ್‌ಗೆ ಇಬ್ಬರೂ ಒಂದೇ ದಿನ ಸೇರಿ ಮೂರು ತಿಂಗಳಾಯಿತು; ವಾರಕ್ಕೆ ಮೂರು ದಿನ ಒಂದೇ ವ್ಯಾಯಾಮ ಮಾಡುತ್ತೇವೆ. ಸ್ಕ್ವಾಟ್‌ನಲ್ಲಿ (ಹೆಗಲ ಮೇಲೆ ಭಾರ ಹೊತ್ತು ಕುಕ್ಕರಿಸಿ ಏಳುವುದು) ಅವರ ಭಾರ 40 ಕಿಲೋದಿಂದ 60ಕ್ಕೆ ಏರಿದೆ, ನನ್ನದು 20ರಿಂದ 30ಕ್ಕೆ ಮಾತ್ರ. ಡಂಬೆಲ್ ತಲೆಯ ಮೇಲೆತ್ತುವುದರಲ್ಲಿ ಅವರು ಒಂದು ಕೈಗೆ 10ರಿಂದ 15 ಕಿಲೋಗೆ ಹೋದರೆ, ನಾನು 5ರಿಂದ ಏಳೂವರೆಗೆ ಬಂದು ನಿಂತುಬಿಟ್ಟಿದ್ದೇನೆ. ಹೆಣ್ಣಿನ ಮೈ ಇದಕ್ಕೆ ಒಗ್ಗುವುದಿಲ್ಲ, ಹಗುರ ಭಾರದಲ್ಲೇ ಇರಿ ಎನ್ನುತ್ತಾರೆ ತರಬೇತುದಾರರು. ಮೈ ಗಂಡಸಿನಂತಾದೀತು ಎನ್ನುತ್ತಾರೆ 58 ವರ್ಷದ ಅತ್ತೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಉತ್ತರ: ಎರಡೂ ನಿಜವಲ್ಲ, ಮತ್ತು ಅದನ್ನು ತೋರಿಸಲು ನೀವು ಬರೆದಿಟ್ಟ ಅಂಕಿಗಳೇ ಸಾಕು. ಪತಿಯ ಸ್ಕ್ವಾಟ್ 40ರಿಂದ 60ಕ್ಕೆ ಏರಿದ್ದು ಶೇ 50ರಷ್ಟು ಹೆಚ್ಚಳ. ನಿಮ್ಮದು 20ರಿಂದ 30ಕ್ಕೆ ಏರಿದ್ದೂ ಶೇ 50. ಡಂಬೆಲ್ ಲೆಕ್ಕವೂ ಅಷ್ಟೇ. ಕಿಲೋದಲ್ಲಿ ನೋಡಿದರೆ ಅವರು ಮುಂದೆ ಕಾಣುತ್ತಾರೆ, ಆದರೆ ಅವರು ಹೊರಟ ಜಾಗವೇ ಮುಂದಿತ್ತು.

ಆ ಅಂತರ ಹುಟ್ಟುವುದು ಹರೆಯದಲ್ಲಿ. ಅಲ್ಲಿಯವರೆಗೆ ಹುಡುಗ ಹುಡುಗಿಯರ ಬಲದಲ್ಲಿ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಅನಂತರ ಗಂಡುಮಕ್ಕಳಲ್ಲಿ ಟೆಸ್ಟೊಸ್ಟೆರಾನ್ ಎಂಬ ಹಾರ್ಮೋನು ಏರಿ, ಪ್ರಾಯದ ಗಂಡಸಿನ ರಕ್ತದಲ್ಲಿ ಅದು ಹೆಂಗಸಿಗಿಂತ ಹತ್ತು ಪಟ್ಟಿಗೂ ಹೆಚ್ಚು ಇರುತ್ತದೆ, ಅದರೊಂದಿಗೆ ಮಾಂಸಖಂಡವೂ ಮೂಳೆಯ ಅಳತೆಯೂ ದೊಡ್ಡದಾಗುತ್ತವೆ. ತರಬೇತಿಯಿಲ್ಲದ ಹೆಂಗಸರ ಕಾಲಿನ ಬಲ ಗಂಡಸರ ಬಲದ ಸುಮಾರು ಶೇ 60ರಿಂದ 70ರಷ್ಟಿದ್ದರೆ, ಭುಜ ಮತ್ತು ತೋಳಿನ ಬಲ ಶೇ 50ರಿಂದ 60ರ ಆಸುಪಾಸಿನಲ್ಲಿರುತ್ತದೆ. ಆದರೆ ಭಾರ ಎತ್ತಿದಾಗ ಸ್ನಾಯುವಿನ ಎಳೆಗಳ ಮೇಲೆ ಬೀಳುವ ಎಳೆತ, ಅದರಿಂದ ಅಲ್ಲಿ ಹೊಸ ಪ್ರೋಟೀನ್ ಕಟ್ಟಿಕೊಳ್ಳುವ ಕ್ರಿಯೆ ಇಬ್ಬರಲ್ಲೂ ಒಂದೇ ರೀತಿ ನಡೆಯುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸ್ನಾಯುವಿನ ಬೆಳವಣಿಗೆ ಶೇಕಡಾವಾರು ಲೆಕ್ಕದಲ್ಲಿ ಇಬ್ಬರಿಗೂ ಹೆಚ್ಚುಕಡಿಮೆ ಸಮವಾಗಿದೆ; ಸೊಂಟದಿಂದ ಮೇಲಿನ ಮೈಯ ಬಲದಲ್ಲಂತೂ ಹೆಂಗಸರ ಹೆಚ್ಚಳ ತುಸು ಮುಂದೆಯೇ ಇದೆ. ಇನ್ನು ಮೊದಲ ಆರೆಂಟು ವಾರಗಳ ಗಳಿಕೆಯ ದೊಡ್ಡ ಪಾಲು ಸ್ನಾಯು ದಪ್ಪವಾಗಿದ್ದರಿಂದಲ್ಲ, ಇರುವ ಸ್ನಾಯುವನ್ನು ನರಗಳು ಚೆನ್ನಾಗಿ ದುಡಿಸಲು ಕಲಿತಿದ್ದರಿಂದ ಬಂದದ್ದು.

ಹಾಗಾದರೆ ಡಂಬೆಲ್ ಏಳೂವರೆಯಲ್ಲೇ ಏಕೆ ನಿಂತಿತು? ಇದಕ್ಕೆ ನಿಮ್ಮ ಮೈಗಿಂತ ಜಿಮ್‌ನ ಕಪಾಟು ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ. ಡಂಬೆಲ್‌ಗಳು ಸಾಮಾನ್ಯವಾಗಿ ಎರಡೂವರೆ ಕಿಲೋ ಅಂತರದಲ್ಲಿರುತ್ತವೆ. ನಿಮ್ಮ ಪತಿ 15ರಿಂದ ಹದಿನೇಳೂವರೆಗೆ ಹೋದರೆ ಶೇ 17ರಷ್ಟು ಏರುತ್ತಾರೆ. ನೀವು ಏಳೂವರೆಯಿಂದ 10ಕ್ಕೆ ಹೋಗಬೇಕಾದರೆ ಒಂದೇ ಹೆಜ್ಜೆಯಲ್ಲಿ ಶೇ 33ರಷ್ಟು ಜಿಗಿಯಬೇಕು. ಸ್ಕ್ವಾಟ್‌ನಲ್ಲಿ ಹೊರುವ ಬಾರ್‌ಗೆ, ಅಂದರೆ ಕಬ್ಬಿಣದ ಸರಳಿಗೆ, ಎರಡೂ ಬದಿ ಎರಡೂವರೆ ಕಿಲೋ ತಟ್ಟೆ ಹಾಕಿದರೂ ಅದೇ ಕಥೆ: 60ರ ಮೇಲೆ ಐದು ಕಿಲೋ ಅಷ್ಟೇನೂ ಭಾರವೆನಿಸದು, 30ರ ಮೇಲೆ ಅದೇ ಐದು ಆರನೇ ಒಂದು ಪಾಲು. ಮೆಟ್ಟಿಲು ಎತ್ತರವಾಗಿರುವಾಗ ಕಾಲನ್ನು ದೂರುವುದು ಸರಿಯಲ್ಲ. ಏಳೂವರೆ ಕಿಲೋದಲ್ಲೇ ಎಂಟು ಬಾರಿಯಿಂದ ಹನ್ನೆರಡು, ಹದಿನೈದು ಬಾರಿಯವರೆಗೆ ಏರಿ, ಆಮೇಲೆ 10 ಕಿಲೋ ಹಿಡಿದು ಐದಾರು ಬಾರಿಯಿಂದ ಶುರುಮಾಡಿ. ಬಾರ್‌ಗೆ ಅರ್ಧ ಅಥವಾ ಒಂದು ಕಿಲೋದ ಸಣ್ಣ ತಟ್ಟೆಗಳು ಸಿಗುತ್ತವೆ; ಜಿಮ್‌ನವರು ತರಿಸದಿದ್ದರೆ ನೀವೇ ಒಂದು ಜೊತೆ ಕೊಳ್ಳಬಹುದು.

ಹಗುರ ಭಾರದಲ್ಲೇ ಇರಿ ಎಂಬ ಸಲಹೆಯ ತೊಂದರೆ ನಮ್ಮ ಸೀಮೆಯಲ್ಲಿ ಎದುರಿಗೇ ಇದೆ. ಸಿಂಧನೂರು, ಗಂಗಾವತಿ ಕಡೆ ಭತ್ತದ ನಾಟಿಗೆ ಬಾಗುವ, ಹದಿನೈದು ಲೀಟರಿನ ಕೊಡ ಹೊರುವ ಹೆಂಗಸರಿಗೆ ದಣಿವಿಗೇನೂ ಕೊರತೆಯಿಲ್ಲ, ಆದರೂ ಬಲ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ, ಏಕೆಂದರೆ ಕೊಡದ ತೂಕ ವರ್ಷಗಟ್ಟಲೆ ಅಷ್ಟೇ. ಭಾರ ಸ್ವಲ್ಪ ಸ್ವಲ್ಪವೇ ಏರದೆ ಸ್ನಾಯುವಿಗೆ ಬೆಳೆಯುವ ಕಾರಣವಿರುವುದಿಲ್ಲ. ಕಾರಹುಣ್ಣಿಮೆಯಲ್ಲಿ ಗುಂಡು ಎತ್ತುವ ಪೈಲ್ವಾನರೂ ಗರಡಿಯಲ್ಲಿ ಸಣ್ಣ ಕಲ್ಲಿನಿಂದಲೇ ಮೇಲೇರಿದವರು.

ಒಂದು ವಿಷಯದಲ್ಲಿ ನೀವೇ ಮುಂದಿರುವ ಸಾಧ್ಯತೆಯಿದೆ. ಅವರವರ ಗರಿಷ್ಠ ಬಲದ ಇಂತಿಷ್ಟು ಪಾಲು ಎಂದು ಭಾರ ಹೊಂದಿಸಿದಾಗ ಹೆಂಗಸರ ಸ್ನಾಯು ಸಾಮಾನ್ಯವಾಗಿ ನಿಧಾನವಾಗಿ ದಣಿಯುತ್ತದೆ, ಬೇಗ ಚೇತರಿಸಿಕೊಳ್ಳುತ್ತದೆ. ಪತಿಗೆ ಮೂರು ನಿಮಿಷದ ವಿರಾಮ ಬೇಕಾದರೆ ನೀವೂ ಕಾಯಬೇಕೆಂದಿಲ್ಲ. ಮುಟ್ಟಿನ ದಿನಗಳಿಗೆ ತಕ್ಕಂತೆ ವ್ಯಾಯಾಮದ ಪಟ್ಟಿಯನ್ನೇ ಬದಲಿಸಬೇಕೆಂಬ ಮಾತಿಗೆ ಗಟ್ಟಿ ಆಧಾರ ಸಾಲದು; ನೋವಿದ್ದ ದಿನ ಭಾರ ಇಳಿಸಿದರಾಯಿತು.

ನಿಮ್ಮ ಪತ್ರದಲ್ಲಿ ಊಟದ ಮಾತೇ ಇಲ್ಲ, ನನಗಿರುವ ಅನುಮಾನ ಅಲ್ಲೇ. ಭಾರ ಎತ್ತುವವರಿಗೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.6 ಗ್ರಾಂ ಪ್ರೋಟೀನ್ ಬೇಕು. ನಿಮ್ಮ ತೂಕ 50 ಕಿಲೋ ಎಂದಿಟ್ಟುಕೊಂಡರೆ 60ರಿಂದ 80 ಗ್ರಾಂ. ಎರಡು ಜೋಳದ ರೊಟ್ಟಿಯಲ್ಲಿ ಸುಮಾರು 10 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7, ಒಂದು ಮೊಟ್ಟೆಯಲ್ಲಿ 6 ಇದೆ. ಎಲ್ಲರ ಊಟವಾದ ಮೇಲೆ ತಳದಲ್ಲಿ ಉಳಿದ ಪಲ್ಯಕ್ಕೆ ಕೂರುವ ರೂಢಿಯಲ್ಲಿ ಈ ಲೆಕ್ಕ ತುಂಬುವುದು ಕಷ್ಟ. ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು, ಗಂಡಸರಲ್ಲಿ ಶೇ 25. ಬೇಗ ಏದುಸಿರು ಬಂದರೆ ಅದನ್ನು ವ್ಯಾಯಾಮದ ತಪ್ಪೆಂದು ಭಾವಿಸಬೇಡಿ.

ಅತ್ತೆಯವರ ಭಯಕ್ಕೆ ಉತ್ತರ ಮೇಲಿನ ಹಾರ್ಮೋನಿನ ಲೆಕ್ಕದಲ್ಲೇ ಇದೆ. ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದದ್ದು 69 ಕಿಲೋ ದೇಹತೂಕದ ವಿಭಾಗದಲ್ಲಿ, ಅದೂ ವರ್ಷಗಳ ಸಾಧನೆಯ ನಂತರ. ನಿಜ ಹೇಳಬೇಕೆಂದರೆ ಈ ವ್ಯಾಯಾಮ ನಿಮಗಿಂತ ನಿಮ್ಮ ಅತ್ತೆಯವರಿಗೇ ಹೆಚ್ಚು ಅಗತ್ಯ: ಮುಟ್ಟು ನಿಂತ ಮೇಲಿನ ವರ್ಷಗಳಲ್ಲಿ ಮೂಳೆ ಬೇಗ ಸವೆಯುತ್ತದೆ, ಭಾರ ಬಿದ್ದ ಮೂಳೆ ಆ ಸವೆತವನ್ನು ತಡೆದುಕೊಳ್ಳುತ್ತದೆ. ರಕ್ತದೊತ್ತಡ ಪರೀಕ್ಷಿಸಿಕೊಂಡು, ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದರಿಂದ ಅವರು ಶುರುಮಾಡಲಿ. ಮಂಡಿ ನೋಯುವುದಾದರೆ ಕುರ್ಚಿಯ ಮೇಲೊಂದು ದಿಂಬು ಹಾಕಿ ಎತ್ತರಿಸಿಕೊಡಿ.