ಬ್ರಿಸ್ಟಲ್ ರಾತ್ರಿ ರೇಸ್‌ಗೆ ಅಷ್ಟು ಹೆಸರು ಬಂದದ್ದು ಹೇಗೆ?

ಅಮೆರಿಕದ ಟೆನೆಸ್ಸೀ ರಾಜ್ಯದ ಬ್ರಿಸ್ಟಲ್‌ನಲ್ಲಿ ಪ್ರತಿವರ್ಷ ನಡೆಯುವ ಸ್ಟಾಕ್ ಕಾರ್ (ಹೊರನೋಟಕ್ಕೆ ಸಾಮಾನ್ಯ ಕಾರಿನಂತಿರುವ ರೇಸ್ ಕಾರು) ರಾತ್ರಿ ರೇಸ್‌ನ ಇತಿಹಾಸವೇನು, ಅರ್ಧ ಮೈಲಿಯ ಟ್ರ್ಯಾಕ್‌ನಲ್ಲಿ ಕಾರುಗಳು ಐನೂರು ಬಾರಿ ಸುತ್ತುವುದನ್ನು ನೋಡಲು ಜನ ಏಕೆ ಮುಗಿಬೀಳುತ್ತಿದ್ದರು ಎಂದು ಕೇಳಿದ್ದೀರಿ. ನಾನು ನೆರೆಯ ಉತ್ತರ ಕ್ಯಾರೊಲಿನಾದಲ್ಲಿ ನೆಲೆಸಿದ್ದು, ಈ ರೇಸನ್ನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಟ್ರ್ಯಾಕ್‌ನ ನೆಲದಲ್ಲಿಯೇ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಲ್ಲಿನ ನೆಲ ಬದಲಾದಾಗಲೆಲ್ಲ ರೇಸ್‌ನ ಸ್ವಭಾವ ಬದಲಾಗಿದೆ, ಜನರ ಒಲವೂ ಅದರ ಜೊತೆಗೇ ಏರಿಳಿದಿದೆ.

ಈ ಟ್ರ್ಯಾಕ್ ಕಟ್ಟಿದವರು ಲ್ಯಾರಿ ಕ್ಯಾರಿಯರ್, ಕಾರ್ಲ್ ಮೂರ್ ಮತ್ತು ಆರ್. ಜಿ. ಪೋಪ್. 1960ರಲ್ಲಿ ಷಾರ್ಲೆಟ್‌ನ ಹೊಸ ಟ್ರ್ಯಾಕ್‌ನಲ್ಲಿ ರೇಸ್ ನೋಡಿ ಬಂದ ಮೇಲೆ, ತಮ್ಮ ಊರಿನ ಬಳಿಯೂ ಅಂಥದ್ದೊಂದು ಬೇಕು, ಆದರೆ ನೋಡುವವರಿಗೆ ಹತ್ತಿರವಾಗಿರಬೇಕು ಎಂಬ ಆಸೆ ಅವರಿಗೆ ಹುಟ್ಟಿತು. ಮೊದಲು ಗೊತ್ತುಮಾಡಿದ್ದ ಪೈನಿ ಫ್ಲ್ಯಾಟ್ಸ್ ಎಂಬಲ್ಲಿ ಸ್ಥಳೀಯರ ವಿರೋಧ ಎದುರಾದ್ದರಿಂದ, ಅಲ್ಲಿಂದ ಕೆಲವೇ ಮೈಲಿ ದೂರದಲ್ಲಿದ್ದ ಒಂದು ಹೈನು ಸಾಕಣೆಯ ಜಮೀನನ್ನು ಕೊಂಡರು. 1961ರ ಜುಲೈ 30ರಂದು ‘ವಾಲಂಟಿಯರ್ 500’ ಎಂಬ ಹೆಸರಿನಲ್ಲಿ ಮೊದಲ ರೇಸ್ ನಡೆಯಿತು. 42 ಕಾರುಗಳು ಹೊರಟವು, ಕೊನೆಯವರೆಗೆ ಓಡಿದ್ದು 19 ಮಾತ್ರ. ಗೆದ್ದವನೆಂದು ದಾಖಲಾಗಿರುವುದು ಜ್ಯಾಕ್ ಸ್ಮಿತ್ ಹೆಸರು. ಆದರೆ ಕಾರಿನ ತಳದ ಹಾಳೆ ಕಾದು ಪಾದ ಸುಟ್ಟುಕೊಂಡಿದ್ದ ಸ್ಮಿತ್ 290 ಸುತ್ತುಗಳ ನಂತರ ಕೆಳಗಿಳಿದಿದ್ದರು, ಉಳಿದ 210 ಸುತ್ತುಗಳನ್ನು ಓಡಿಸಿ ಮೊದಲಿಗರಾಗಿ ಗೆರೆ ದಾಟಿದವರು ಜಾನಿ ಆಲೆನ್. ರೇಸ್ ಶುರುಮಾಡಿದವನಿಗೇ ಗೆಲುವು ಸಲ್ಲುತ್ತದೆ ಎಂಬ ನಿಯಮದಿಂದಾಗಿ ಆಲೆನ್ ಹೆಸರು ಪಟ್ಟಿಯಲ್ಲಿಲ್ಲ. ಈ ರೇಸ್‌ನ ಕಥೆ ಹೇಳುವಾಗಲೆಲ್ಲ ಅವರನ್ನು ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಆಗಿನ ಬ್ರಿಸ್ಟಲ್ ಇಂದಿನಂತಿರಲಿಲ್ಲ. ತಿರುವುಗಳ ಓರೆ, ಅಂದರೆ ಒಳಅಂಚಿನಿಂದ ಹೊರಅಂಚಿಗೆ ನೆಲ ಏರುವ ಇಳಿಜಾರು, ಸುಮಾರು 22 ಡಿಗ್ರಿಯಷ್ಟಿತ್ತು, ಆಸನಗಳು ಹದಿನೆಂಟು ಸಾವಿರ. 1969ರಲ್ಲಿ ಮಾಲೀಕರು ಟ್ರ್ಯಾಕನ್ನು ಅಗೆದು ಮತ್ತೆ ಕಟ್ಟಿಸಿ, ತಿರುವುಗಳನ್ನು ಕಡಿದಾಗಿ ಮೇಲೆತ್ತಿದರು. 36 ಡಿಗ್ರಿ ಎಂದು ಪ್ರಚಾರವೂ ಆಯಿತು. ಟ್ರ್ಯಾಕ್‌ನ ಉದ್ದ 0.533 ಮೈಲಿ, ಅಂದರೆ ಸುಮಾರು 858 ಮೀಟರ್ ಆಯಿತು. ಇಷ್ಟು ಚಿಕ್ಕ ಟ್ರ್ಯಾಕ್‌ಗೆ ಅಷ್ಟು ಓರೆ ಕೊಟ್ಟದ್ದರಿಂದ ಬ್ರಿಸ್ಟಲ್ ಬೇರೆ ಎಲ್ಲ ಟ್ರ್ಯಾಕ್‌ಗಳಿಗಿಂತ ಭಿನ್ನವಾಯಿತು: ಉಳಿದ ಸಣ್ಣ ಟ್ರ್ಯಾಕ್‌ಗಳಲ್ಲಿ ಕಾರುಗಳು ತಿರುವಿಗೆ ಬಂದಾಗ ನಿಧಾನಿಸಲೇಬೇಕು, ಇಲ್ಲಿ ಆ ವೇಗ ಅಷ್ಟಾಗಿ ಇಳಿಯುವುದೇ ಇಲ್ಲ. ಇಂದಿನ ಕಾರುಗಳು ಒಂದು ಸುತ್ತನ್ನು ಸುಮಾರು 15 ಸೆಕೆಂಡುಗಳಲ್ಲಿ ಮುಗಿಸುತ್ತವೆ, ಎಂದರೆ ಗಂಟೆಗೆ 200 ಕಿಲೋಮೀಟರ್‌ಗೂ ಮಿಕ್ಕ ವೇಗ. ಮುಂದಿನ ಕಾರು ಅಡ್ಡ ತಿರುಗಿದರೆ ಹಿಂದಿನವನಿಗೆ ಯೋಚಿಸಲು ಸಮಯವಿರುವುದಿಲ್ಲ.

ರೇಸ್ ರಾತ್ರಿಗೆ ಬಂದದ್ದು 1978ರಲ್ಲಿ. ಅಷ್ಟರೊಳಗೆ ಟ್ರ್ಯಾಕ್ ಲ್ಯಾನಿ ಹೆಸ್ಟರ್ ಮತ್ತು ಗ್ಯಾರಿ ಬೇಕರ್ ಅವರ ಕೈಸೇರಿತ್ತು. ಅವರು ದೀಪಗಳನ್ನು ಹಾಕಿಸಿ, ಬೇಸಿಗೆಯ ರೇಸನ್ನು ಆಗಸ್ಟ್ ತಿಂಗಳ ಶನಿವಾರ ರಾತ್ರಿಗೆ ಬದಲಾಯಿಸಿದರು. ಅಮೆರಿಕದ ಸಣ್ಣ ಊರುಗಳಲ್ಲಿ ಶನಿವಾರ ರಾತ್ರಿ ಎಂದರೆ ಸ್ಥಳೀಯ ಟ್ರ್ಯಾಕ್‌ಗೆ ಹೋಗುವ ರಾತ್ರಿ. ಆ ರೂಢಿಯನ್ನು ದೇಶದ ಅತಿ ದೊಡ್ಡ ಸ್ಟಾಕ್ ಕಾರ್ ಸರಣಿಯಾದ ನ್ಯಾಸ್ಕಾರ್‌ನ ರೇಸ್‌ಗೆ ತಂದದ್ದು ಬಹಳ ಜಾಣತನದ ನಿರ್ಧಾರ. ಆ ಮೊದಲ ರಾತ್ರಿ ಗೆದ್ದವರು ಕೇಲ್ ಯಾರ್ಬರೊ. ನಂತರದ ವರ್ಷಗಳು ಡ್ಯಾರೆಲ್ ವಾಲ್ಟ್ರಿಪ್ ಅವರವು: 1981ರಿಂದ 1984ರವರೆಗೆ ವಸಂತದ ರೇಸ್ ಮತ್ತು ರಾತ್ರಿ ರೇಸ್ ಎರಡೂ ಸೇರಿ ಸತತ ಏಳು ಬಾರಿ ಅವರು ಇಲ್ಲಿ ಗೆದ್ದರು. 1982ರ ಆಗಸ್ಟ್‌ನಿಂದ ಟಿಕೆಟ್‌ಗಳು ಪೂರ್ತಿ ಮಾರಾಟವಾಗತೊಡಗಿದವು. ಪ್ರಾಯೋಜಕರು ಬದಲಾದಂತೆ ರೇಸ್‌ನ ಹೆಸರು ಹಲವು ಬಾರಿ ಬದಲಾಯಿತು, ಅದರ ವಿವರ ಇಲ್ಲಿ ಬೇಕಿಲ್ಲ.

ಹೆಚ್ಚು ಮುಖ್ಯವಾದದ್ದು 1992. ಕಡಿದಾದ ತಿರುವಿನಲ್ಲಿ ಭಾರವಾದ ಕಾರುಗಳು ನೆಲವನ್ನು ಒತ್ತುವ ರಭಸಕ್ಕೆ ಡಾಂಬರು ಪದೇ ಪದೇ ಕಿತ್ತುಬರುತ್ತಿತ್ತು, ಎಷ್ಟು ಬಾರಿ ತೇಪೆ ಹಾಕಿದರೂ ನಿಲ್ಲುತ್ತಿರಲಿಲ್ಲ. ಮತ್ತೆ ಮಾಲೀಕರಾಗಿದ್ದ ಕ್ಯಾರಿಯರ್ ಇಡೀ ಟ್ರ್ಯಾಕ್‌ಗೆ ಕಾಂಕ್ರೀಟ್ ಹಾಕಿಸಿಬಿಟ್ಟರು. ಬೆಂಗಳೂರಿನ ರಸ್ತೆಗಳಿಗೆ ವೈಟ್ ಟಾಪಿಂಗ್ ಮಾಡುವುದನ್ನು ನೋಡಿದವರಿಗೆ ಇದರ ಹಿಂದಿನ ಲೆಕ್ಕಾಚಾರ ಸುಲಭವಾಗಿ ಅರ್ಥವಾಗುತ್ತದೆ. ಕಾಂಕ್ರೀಟ್ ಮೇಲಿನ ಮೊದಲ ರೇಸ್ ಆ ಆಗಸ್ಟ್‌ನ ರಾತ್ರಿ ರೇಸೇ ಆಗಿತ್ತು, ಗೆದ್ದವರು ಮತ್ತೆ ವಾಲ್ಟ್ರಿಪ್. ಅದು ಬ್ರಿಸ್ಟಲ್‌ನಲ್ಲಿ ಅವರ ಹನ್ನೆರಡನೆಯ ಹಾಗೂ ಕೊನೆಯ ಗೆಲುವು.

ಈ ಕಾಂಕ್ರೀಟ್ ನೆಲದಲ್ಲಿ ವೇಗವಾಗಿ ಹೋಗಲು ಇದ್ದದ್ದು ಒಂದೇ ದಾರಿ, ಅದು ತಿರುವಿನ ಕೆಳಅಂಚು. ಮೇಲಿನಿಂದ ಹೋದವನಿಗೆ ದೂರವೂ ಹೆಚ್ಚು, ಹಿಡಿತವೂ ಕಡಿಮೆ. ಹೀಗಾಗಿ ಮುಂದಿರುವವನು ಕೆಳಗಿನ ದಾರಿಯನ್ನು ಬಿಟ್ಟುಕೊಡದಿದ್ದರೆ ಹಿಂದಿನವನು ಎಷ್ಟೇ ವೇಗಿಯಾದರೂ ದಾಟುವುದು ಕಷ್ಟ. ಆಗ ಉಳಿಯುತ್ತಿದ್ದ ಉಪಾಯವೆಂದರೆ, ತಿರುವಿನೊಳಗೆ ಹೋಗುವಾಗ ತನ್ನ ಮುಂದಿನ ಬಂಪರಿನಿಂದ ಎದುರಿನ ಕಾರಿನ ಹಿಂದಿನ ಬಂಪರನ್ನು ಮೆಲ್ಲಗೆ ಒತ್ತುವುದು. ಒತ್ತಿದ ಕ್ಷಣ ಆ ಕಾರಿನ ಹಿಂದಿನ ಟೈರ್‌ಗಳ ಹಿಡಿತ ಸಡಿಲವಾಗಿ ಅದು ಒಂದು ಕಾರಿನಷ್ಟು ಮೇಲಕ್ಕೆ ಜಾರುತ್ತದೆ, ಒತ್ತಿದವನು ತೆರವಾದ ಕೆಳಗಿನ ದಾರಿಯಲ್ಲಿ ಮುಂದೆ ಹೋಗುತ್ತಾನೆ. ಒತ್ತಡ ತುಸು ಹೆಚ್ಚಾದರೆ ಎದುರಿನ ಕಾರು ಗಿರ್ರನೆ ತಿರುಗಿ ಗೋಡೆಗೆ ಬಡಿಯುತ್ತದೆ. ಬ್ರಿಸ್ಟಲ್‌ನ ಹೆಸರಾಂತ ಜಗಳಗಳೆಲ್ಲ ಈ ‘ತುಸು’ವಿನಲ್ಲಿಯೇ ಹುಟ್ಟಿದವು.

1995ರ ರಾತ್ರಿ ರೇಸ್‌ನಲ್ಲಿ ಡೇಲ್ ಅರ್ನ್‌ಹಾರ್ಟ್ ಆರಂಭದಲ್ಲಿಯೇ ರಸ್ಟಿ ವಾಲೇಸ್ ಅವರ ಕಾರಿಗೆ ತಾಗಿಸಿದ್ದಕ್ಕಾಗಿ ಅಧಿಕಾರಿಗಳು ಅವರನ್ನು ಸಾಲಿನ ಕೊನೆಗೆ ಕಳಿಸಿದರು. ಅಲ್ಲಿಂದ ಒಬ್ಬೊಬ್ಬರನ್ನೇ ದಾಟುತ್ತ ಬಂದ ಅರ್ನ್‌ಹಾರ್ಟ್, ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಮುಂದಿದ್ದ ಟೆರಿ ಲ್ಯಾಬಾಂಟಿ ಅವರ ಕಾರಿಗೆ ಗುದ್ದಿದರು. ಲ್ಯಾಬಾಂಟಿ ಅವರ ಕಾರು ಅಡ್ಡಲಾಗಿ ಜಾರುತ್ತಲೇ ಗೆರೆ ದಾಟಿ ಗೆದ್ದಿತು, ಮರುಕ್ಷಣ ಗೋಡೆಗೆ ಬಡಿಯಿತು. ಮೂತಿ ನಜ್ಜುಗುಜ್ಜಾದ ಆ ಕಾರನ್ನೇ ಅವರು ವಿಜಯಸ್ಥಾನಕ್ಕೆ ಓಡಿಸಿಕೊಂಡು ಬಂದರು. ನಾಲ್ಕು ವರ್ಷಗಳ ನಂತರ, 1999ರಲ್ಲಿ, ಅದೇ ಇಬ್ಬರು ಮತ್ತೆ ಎದುರಾದರು. ಮುಂದಿದ್ದ ಲ್ಯಾಬಾಂಟಿ ಕೊನೆಯ ಹಂತದಲ್ಲಿ ಇನ್ನೊಂದು ಕಾರಿನ ಹೊಡೆತಕ್ಕೆ ತಿರುಗಿ ಹಿಂದೆ ಬಿದ್ದು, ಹೊಸ ಟೈರ್ ಹಾಕಿಸಿಕೊಂಡು ಬಂದು, ಕೊನೆಯ ಸುತ್ತು ಶುರುವಾಯಿತೆಂದು ಬಿಳಿ ಬಾವುಟ ಬೀಸುವ ಹೊತ್ತಿಗೆ ಅರ್ನ್‌ಹಾರ್ಟ್ ಅವರನ್ನು ದಾಟಿದ್ದರು. ಮುಂದಿನ ತಿರುವಿನಲ್ಲಿಯೇ ಅರ್ನ್‌ಹಾರ್ಟ್ ಅವರ ಬಂಪರ್ ತಾಗಿ ಲ್ಯಾಬಾಂಟಿ ಕಾರು ತಿರುಗಿಬಿತ್ತು, ಅರ್ನ್‌ಹಾರ್ಟ್ ಗೆದ್ದರು. ಅವರನ್ನು ಬೀಳಿಸುವ ಉದ್ದೇಶ ತನಗಿರಲಿಲ್ಲ, ಸ್ವಲ್ಪ ಅಲುಗಾಡಿಸಬೇಕೆಂದಿದ್ದೆ ಎಂದು ಅರ್ನ್‌ಹಾರ್ಟ್ ಹೇಳಿದರು. ತಮ್ಮ ಕಾಲದ ಅತಿ ಜನಪ್ರಿಯ ಡ್ರೈವರ್‌ಗಳಲ್ಲಿ ಒಬ್ಬರಾಗಿದ್ದ ಅವರನ್ನು ಆ ರಾತ್ರಿ ಪ್ರೇಕ್ಷಕರು ಜೋರಾಗಿ ಹೀಯಾಳಿಸಿದರು. ಆ ಗೆಲುವು ನ್ಯಾಯವಾದದ್ದಲ್ಲ ಎಂದೇ ನಾನು ಇಂದಿಗೂ ನಂಬಿದ್ದೇನೆ, ಆದರೆ ಆ ಕೊನೆಯ ಸುತ್ತುಗಳಷ್ಟು ಉಸಿರು ಬಿಗಿಹಿಡಿಸುವ ರೇಸನ್ನು ನಾನು ಬೇರೆ ನೋಡಿಲ್ಲ.

ಈ ನಡುವೆ 1996ರಲ್ಲಿ ಬ್ರೂಟನ್ ಸ್ಮಿತ್ 2.6 ಕೋಟಿ ಡಾಲರ್‌ಗೆ ಟ್ರ್ಯಾಕ್ ಕೊಂಡು, ಸುತ್ತಲೂ ಗ್ಯಾಲರಿಗಳನ್ನು ಮೇಲಕ್ಕೆ ಮೇಲಕ್ಕೆ ಕಟ್ಟಿಸಿ, ಆಸನಗಳನ್ನು ಒಂದೂವರೆ ಲಕ್ಷ ದಾಟಿಸಿದರು. ಅಲ್ಲಿ ಕುಳಿತರೆ ಇಡೀ ಟ್ರ್ಯಾಕ್ ಒಂದೇ ನೋಟಕ್ಕೆ ಕಾಣುತ್ತದೆ. ಸದ್ದು ನಾಲ್ಕೂ ಕಡೆಯ ಗೋಡೆಗಳಿಗೆ ಬಡಿದು ಮರಳುವುದರಿಂದ ಪಕ್ಕದವರ ಮಾತು ಕೇಳಿಸುವುದಿಲ್ಲ. ಬಹಳಷ್ಟು ಜನ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಡ್ರೈವರ್‌ಗೂ ಅವರ ತಂಡದವರಿಗೂ ರೇಡಿಯೊದಲ್ಲಿ ನಡೆಯುವ ಮಾತುಕತೆಯನ್ನು ಆಲಿಸುತ್ತಿರುತ್ತಾರೆ. ಕೆಳಗಿನ ಸಾಲುಗಳಲ್ಲಿ ಕುಳಿತವರ ತಲೆ, ತೋಳುಗಳ ಮೇಲೆ ಟೈರ್‌ನಿಂದ ಕಿತ್ತುಬಂದ ರಬ್ಬರಿನ ಕಪ್ಪು ಚೂರುಗಳು ಬಂದು ಕೂರುತ್ತವೆ.

2007ರಲ್ಲಿ ನೆಲ ಮತ್ತೆ ಬದಲಾಯಿತು. ಹೊಸ ಕಾಂಕ್ರೀಟ್ ಹಾಕುವಾಗ, ಮೇಲಕ್ಕೆ ಹೋದಂತೆ ಓರೆ ಹೆಚ್ಚುವ ಹಾಗೆ, 24ರಿಂದ 30 ಡಿಗ್ರಿಯವರೆಗೆ, ತಿರುವುಗಳನ್ನು ರೂಪಿಸಿದರು. ಇದರಿಂದ ಎರಡು ಮೂರು ಕಾರುಗಳು ಅಕ್ಕಪಕ್ಕದಲ್ಲಿ ಓಡುವುದು ಸಾಧ್ಯವಾಯಿತು. ಡ್ರೈವರ್‌ನ ಕೌಶಲದ ದೃಷ್ಟಿಯಿಂದ ಇದು ಉತ್ತಮ ರೇಸ್ ಎಂದು ವಾದಿಸಬಹುದು, ಹಲವರು ವಾದಿಸಿದ್ದಾರೆ ಕೂಡ. ಆದರೆ ದಾಟಲು ಬದಿಯಲ್ಲಿ ದಾರಿ ಇದ್ದ ಮೇಲೆ ಬಂಪರ್ ಒತ್ತುವ ಅಗತ್ಯ ಯಾರಿಗೂ ಇರಲಿಲ್ಲ, ಆ ಬಿಗಿ ಇಲ್ಲದ ರೇಸ್‌ಗೆ ಬರಲು ಜನರೂ ಹಿಂಜರಿದರು. ಆರ್ಥಿಕ ಹಿಂಜರಿತದ ಪೆಟ್ಟೂ ಇದಕ್ಕೆ ಸೇರಿಕೊಂಡಿತು. 55 ರೇಸ್‌ಗಳವರೆಗೆ ನಡೆದುಬಂದಿದ್ದ ಪೂರ್ತಿ ಟಿಕೆಟ್ ಮಾರಾಟದ ಸರಣಿ 2010ರ ಮಾರ್ಚ್‌ನಲ್ಲಿ ಮುರಿಯಿತು.

2012ರ ವಸಂತದ ರೇಸ್‌ನಲ್ಲಿ ಖಾಲಿ ಗ್ಯಾಲರಿಗಳನ್ನು ಕಂಡ ಸ್ಮಿತ್, ಹಳೆಯ ಒಂದೇ ದಾರಿಯ ರೇಸನ್ನು ಮರಳಿ ತರಬೇಕೆಂದು ಮೇಲಿನ ದಾರಿಯ ಕಾಂಕ್ರೀಟನ್ನು ಯಂತ್ರದಿಂದ ಉಜ್ಜಿಸಿ ಅಲ್ಲಿನ ಓರೆಯನ್ನು ತಗ್ಗಿಸಿದರು. ನಡೆದದ್ದು ಬೇರೆ: ಉಜ್ಜಿದ ನೆಲಕ್ಕೆ ರಬ್ಬರ್ ಅಂಟುತ್ತ ಹೋದಂತೆ ಗೋಡೆಯ ಪಕ್ಕದ ಅತಿ ಮೇಲಿನ ಪಟ್ಟಿಯೇ ವೇಗದ ದಾರಿಯಾಯಿತು, ಎಲ್ಲರೂ ಅಲ್ಲಿಗೇ ಏರಿದರು. ಆದರೂ ದಾರಿ ಒಂದೇ ಆದ್ದರಿಂದ ಹಳೆಯ ಬಿಗಿ ಸ್ವಲ್ಪ ಮರಳಿತು. ಆ ಆಗಸ್ಟ್‌ನಲ್ಲಿ ಡೆನ್ನಿ ಹ್ಯಾಮ್ಲಿನ್ ಗೆದ್ದರೂ, ಎಲ್ಲರ ನೆನಪಿನಲ್ಲಿ ಉಳಿದದ್ದು ಅಪಘಾತದ ನಂತರ ಮ್ಯಾಟ್ ಕೆನ್ಸೆತ್ ಅವರ ಕಾರಿನ ಮೇಲೆ ಎರಡೂ ಕೈಗಳಿಂದ ಹೆಲ್ಮೆಟ್ ಎಸೆದ ಟೋನಿ ಸ್ಟೂವರ್ಟ್. ಕೆಳಗಿನ ದಾರಿಗೆ ಮತ್ತೆ ಹಿಡಿತ ಬರಲೆಂದು 2016ರಿಂದ ಅಲ್ಲಿಗೆ ಅಂಟು ದ್ರಾವಣವನ್ನೂ ಬಳಿಯತೊಡಗಿದರು.

2020ರಲ್ಲಿ ರೇಸ್ ಆಗಸ್ಟ್‌ನಿಂದ ಸೆಪ್ಟೆಂಬರ್‌ಗೆ ಸರಿದು, ವರ್ಷದ ಪ್ರಶಸ್ತಿಗಾಗಿ ಋತುವಿನ ಕೊನೆಯಲ್ಲಿ ನಡೆಯುವ ಹಂತದ ಮೊದಲ ಸುತ್ತಿನಿಂದ ಯಾರು ಹೊರಬೀಳುತ್ತಾರೆಂದು ತೀರ್ಮಾನಿಸುವ ರೇಸ್ ಆಯಿತು, 2025ರವರೆಗೆ ಹಾಗೆಯೇ ಇತ್ತು. ಈಚಿನ ವರ್ಷಗಳಲ್ಲಿ ನೆಲದಷ್ಟೇ ಟೈರ್ ಕೂಡ ಫಲಿತಾಂಶವನ್ನು ಆಳುತ್ತಿದೆ. 2024ರ ವಸಂತದಲ್ಲಿ ಟೈರ್‌ಗಳು ಯಾರೂ ಎಣಿಸದಷ್ಟು ಬೇಗ ಸವೆದು, ಮುಂದಾಳು 54 ಬಾರಿ ಬದಲಾದರು. ಅದೇ ವರ್ಷದ ರಾತ್ರಿ ರೇಸ್‌ನಲ್ಲಿ ಟೈರ್ ಸವೆಯಲೇ ಇಲ್ಲ, ಕೈಲ್ ಲಾರ್ಸನ್ 500ರಲ್ಲಿ 462 ಸುತ್ತುಗಳನ್ನು ಮುಂದಾಳಾಗಿಯೇ ಓಡಿ ಗೆದ್ದರು. 2025ರ ಸೆಪ್ಟೆಂಬರ್‌ನಲ್ಲಿ ಟೈರ್‌ಗಳು ಮತ್ತೆ ಸವೆದವು, ಯಾರು ಟೈರ್ ಉಳಿಸಿಕೊಂಡು ಓಡಿಸಬಲ್ಲರು ಎಂಬುದೇ ಪಂದ್ಯವಾಯಿತು, ಕ್ರಿಸ್ಟೋಫರ್ ಬೆಲ್ ಗೆದ್ದರು. ನೀವು ಹಳೆಯ ದೃಶ್ಯಗಳನ್ನು ಹುಡುಕಿ ನೋಡುವುದಾದರೆ 1999ರ ಕೊನೆಯ ಸುತ್ತುಗಳಿಂದ ಶುರುಮಾಡಿ, ಆಮೇಲೆ 2007ರ ನಂತರದ ಯಾವುದಾದರೂ ಒಂದು ರೇಸ್ ನೋಡಿ. ಕಾರುಗಳು ತಿರುವಿನ ಯಾವ ಎತ್ತರದಲ್ಲಿ ಓಡುತ್ತಿವೆ ಎಂಬುದರ ಮೇಲೆ ಕಣ್ಣಿಟ್ಟರೆ, ನಾನು ಹೇಳಿದ ವ್ಯತ್ಯಾಸ ನಿಮಗೆ ಕೆಲವೇ ನಿಮಿಷಗಳಲ್ಲಿ ಕಾಣಿಸುತ್ತದೆ.