ಪ್ರತಿಕ್ರಿಯೆ: ಹುಟ್ಟಿದ ದೇಶ ನೋಡಿ ಬಂದ ಅಣ್ಣನ ಮಗಳು ಸಿಡುಕ್ತಾ ಇದ್ರೆ

ಕೆನಡಾದ ಅಣ್ಣನ ದತ್ತುಮಗಳು ತಾನು ಮೊದ್ಲಿದ್ದ ಅನಾಥಾಶ್ರಮ ನೋಡ್ಕೊಂಡು ಶಿರಸಿಗೆ ಬಂದಾಗಿಂದ ಅತ್ತಿಗೆ ಮೇಲೆ ಸಿಡುಕ್ತಾಳೆ ಅಂದ್ರಲ್ಲ, ಅದು ಸಿಟ್ಟಿಗಿಂತ ದುಃಖ ಇರ್ಬೇಕು, ನಮ್ಮನೇಲೂ ಹೀಗೇ ಆಗಿತ್ತು, ನಂಬಿದವ್ರ ಮೇಲೇ ತಾನೇ ತೀರಿಸ್ಕೊಳ್ಳೋದು. ಮೊದ್ಲು ನೆಂಟರ ಬಾಯಿ ಮುಚ್ಸಿ. ತೊಡದೇವು ಕೊಡ್ತಾ 'ಪುಣ್ಯ ಮಾಡಿದ್ದೆ ಕೂಸೆ, ಇಂಥ ಅಪ್ಪ-ಆಯಿ ಸಿಕ್ಕಿದ್ರು' ಅಂತ ಪ್ರೀತಿಯಿಂದ ಅಂದ್ರೂ ಅವಳಿಗೆ ಚುಚ್ಚತ್ತೆ. ಅಲ್ಲಿ ಹೇಗಿತ್ತು ಅಂತ ಕೆದಕ್ಬೇಡಿ, ತಾನಾಗೇ ಫೋಟೋ ತೆಗ್ದು ತೋರ್ಸಿದ್ರೆ ಕೂತು ನೋಡಿ. ಆಮೇಲೆ ಅತ್ತಿಗೇನ ಬೇರೆ ಕೂರಿಸಿ ಮಾತಾಡ್ಸಿ, ಅವ್ರೂ ಅಳ್ಲಿ, ಆದ್ರೆ ಅವ್ರನ್ನ ಸಮಾಧಾನ ಮಾಡೋ ಕೆಲ್ಸ ಮಗಳಿಗೆ ಬೀಳ್ಬಾರ್ದು. ಹೆತ್ತವಳನ್ನ ಹುಡುಕ್ಬೇಕು ಅಂದ್ಲಾ, 18 ಆಗಿಲ್ದೇ ಇರೋದ್ರಿಂದ ಅಪ್ಪ-ಅಮ್ಮನ ಜೊತೆ ಸೇರಿ ಕೇಂದ್ರದ ದತ್ತು ಪ್ರಾಧಿಕಾರಕ್ಕೆ (CARA) ಅರ್ಜಿ ಹಾಕ್ಬೇಕು. ನೀವು ಊರೂರು ವಿಚಾರಿಸೋಕೆ ಹೋಗ್ಬೇಡಿ, ಹೆತ್ತವಳ ಗುಟ್ಟಿಗೂ ಕಾನೂನಿನ ರಕ್ಷಣೆ ಇದೆ. ಎಷ್ಟು ದಿನ ಹೀಗಿರ್ತಾಳೋ ಹೇಳೋಕಾಗಲ್ಲ, ಊಟ ನಿದ್ದೆ ವಾರಗಟ್ಲೆ ಕೆಟ್ರೆ ದತ್ತುಮಕ್ಕಳ ಅನುಭವ ಇರೋ ಕೌನ್ಸೆಲರ್ ಹತ್ರ ಹೋಗೋಕೆ ಹೇಳಿ.